ಸರ ತೊಟ್ಟ ಹಂದಿ

ಅಚ್ಚೊತ್ತುವ ಚಿತ್ರಕ್ಕೆಂದು ತಾಮ್ರದ ತಗಡಿನಲ್ಲಿ ಹಂದಿಯ ಕುತ್ತಿಗೆ ಕೊರೆಯುವಾಗ ಯೋಬ್ಸ್ಟನಿಗೆ ಸೀನು ಬಂತು. ಉಳಿ ಜಾರಿ ಉದ್ದನೆಯ ಗೀರು ಬಿತ್ತು. ತಾಮ್ರದ ಮೇಲಿನ ಗೀರು ಅತ್ತೆ ಆಡಿದ ಮಾತಿನಂತೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅವನು ಅದಕ್ಕೇ ಕೊಂಡಿಗಳನ್ನು ಸೇರಿಸಿ ಸರ ಮಾಡಿಬಿಟ್ಟ. ಚಿತ್ರದಲ್ಲಿ ಆಗಲೇ ರೆಕ್ಕೆಯುಳ್ಳ ಹೆಂಗಸೊಬ್ಬಳು ಜರಡಿ ಹಿಡಿದು ಬಸವನಹುಳುವಿನ ಮೇಲೆ ಕುಳಿತಿದ್ದಳು. ಕೆಳಗೆ ಮಲಗಿದ ಹಂದಿಗೊಂದು ಸರವಿದ್ದರೆ ಯಾರ ಗಂಟೇನು ಹೋಗುತ್ತದೆ?

ನ್ಯೂರೆಂಬರ್ಗಿನಲ್ಲಿ ಚಿನ್ನದ ಸರ ತೊಡುವವರು ನಗರಸಭೆಯ ಹಿರಿಯರು ಮಾತ್ರ. ಅದು ಅವನಿಗೆ ಹೊಳೆದದ್ದು, ಅಚ್ಚೊತ್ತಿದ ಹಾಳೆಗಳನ್ನು ತನ್ನ ಅಂಗಡಿಯ ಮುಂದೆ ತೂಗುಹಾಕಿದ ಮೇಲೆ, ಎದುರುಮನೆಯ ರೊಟ್ಟಿಯಂಗಡಿ ಎಂಡ್ರೆಸ್ ಬಂದು ಪಕ್ಕೆಗೆ ತಿವಿದಾಗ.

"ಭಲೇ ಗಂಡು ಕಣಯ್ಯ ನೀನು. ಹಿರಿಯರನ್ನೇ ಹಂದಿ ಮಾಡಿದೀಯಲ್ಲ."

"ಅದು ಬರೀ ಹಂದಿ, ಎಂಡ್ರೆಸ್."

"ಹಾಗೇ ಹೇಳ್ಬೇಕು, ಜಾಣ," ಎಂದು ಎಂಡ್ರೆಸ್ ಕಣ್ಣು ಮಿಟುಕಿಸಿದ.

ಅಷ್ಟರಲ್ಲಿ ಲ್ಯಾಟಿನ್ ಶಾಲೆಯ ಮಾಸ್ತರು ಫೈಟ್ ಬಂದರು. ನಾಲ್ಕು ಜನ ಕಂಡರೆ ಅವರಿಗೆ ಪಾಠ ಹಾಲಿನಂತೆ ಉಕ್ಕುತ್ತಿತ್ತು.

"ನೋಡ್ರಪ್ಪಾ, ಜರಡಿ ಅಂದ್ರೆ ನಮ್ಮೂರ ಬೊಕ್ಕಸ. ಏನ್ ಹಾಕಿದ್ರೂ ಸೋರತ್ತೆ. ಮೇಲೆ ಕೂತಿರೋಳು ನ್ಯಾಯದೇವತೆ. ಹುಳದ ಮೇಲೆ ಹೊರಟಿದಾಳೆ, ಇನ್ನೂ ಬರ್ತಾನೇ ಇದಾಳೆ."

ಜನ ಬಿದ್ದು ಬಿದ್ದು ನಕ್ಕರು.

"ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ನಿರಿ ಮಾಸ್ತರೆ," ಎಂದು ಯೋಬ್ಸ್ಟ್ ಗೋಗರೆದ. "ಕೈ ಖಾಲಿಯಿತ್ತು ಅಂತ ಜರಡಿ ಕೊಟ್ಟೆ."

"ಪಾಪ, ಹೆದರ್ಕೊಂಡಿದಾನೆ," ಎಂದು ಎಲ್ಲರೂ ಮರುಕಪಟ್ಟು ಒಂದೊಂದು ಪ್ರತಿ ಕೊಂಡರು. ಕಾವಲಿನವರು ಬಂದಾಗ ಅಂಗಡಿಯಲ್ಲಿ ಉಳಿದಿದ್ದವನು ಯೋಬ್ಸ್ಟ್ ಒಬ್ಬನೇ. ಅವನನ್ನೇ ಒಯ್ದರು.

"ಈ ಹಂದಿ ಯಾರು?" ಎಂದು ಸಭೆಯ ಹಿರಿಯರಲ್ಲೊಬ್ಬರು ಕೇಳಿದರು. ಅವರ ಸರ ಗದ್ದದ ಮಡಿಕೆಗಳ ನಡುವೆ ಅರ್ಧ ಹೂತುಹೋಗಿತ್ತು. ಊರು ಬಿಡಿಸಿದರೆ ಹೆಂಡತಿಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಯೋಬ್ಸ್ಟ್ ಬೈಬಲ್ಲಿನ ಮೇಲೆ ಕೈಯಿಟ್ಟ.

"ದೇವರಾಣೆ ಬುದ್ಧಿ, ಹಂದಿ ಹಂದಿಯೇ, ಹುಳ ಹುಳವೇ. ಸೀನು ಬಂದು ಸರ ಆಯ್ತು. ರೆಕ್ಕೆ ಚೆಂದಕ್ಕೆ ಅಂಟ್ಸಿದ್ದು. ಹೆಂಗಸು ಬರೀ ಹೆಂಗಸು. ಯಾವುದಕ್ಕೂ ಏನೂ ಅರ್ಥವಿಲ್ಲ."

ಹಿರಿಯರು ಪಿಸುಗುಟ್ಟಿಕೊಂಡರು. ಶಿಕ್ಷಿಸಿದರೆ ಹಂದಿ ತಾವೇ ಎಂದು ಒಪ್ಪಿಕೊಂಡಂತೆ. ಅವನನ್ನು ಬಿಟ್ಟು, ಅವನು ಪ್ರಮಾಣ ಮಾಡಿದ್ದನ್ನು ಸಂತೆಬೀದಿಯಲ್ಲಿ ನಗಾರಿ ಹೊಡೆಸಿ ಸಾರಿಸಿದರು.

ಯೋಬ್ಸ್ಟ್ ಹೂವಿನಷ್ಟು ಹಗುರಾಗಿ ಮನೆಗೆ ಬಂದ. ಹೆಂಡತಿ ಕುನಿಗುಂಡ ಆರಿದ ಒಲೆಯ ಮುಂದೆ ಕುಳಿತಿದ್ದಳು.

"ನಗಾರಿ ಕೇಳಿಸ್ತೇನೇ? ಬದುಕಿಕೊಂಡೆ."

"ಕೇಳಿಸ್ತು," ಎಂದಳು ತಣ್ಣಗೆ. "ಮಾಸ್ತರು ನ್ಯಾಯದೇವತೆ ಅಂದಾಗ ನಾನೂ ಹೌದೇನೋ ಅಂದ್ಕೊಂಡಿದ್ದೆ. ಈಗ ಬೈಬಲ್ ಮುಟ್ಟಿ ಬರೀ ಹೆಂಗಸು ಅಂದಿದೀರಂತೆ. ಹೇಳಿ, ಯಾರವಳು?"