ಸ್ಮಾರ್ಟ್ ಬೋರ್ಡಿಗೆ ಬೀಗ

ಬೆಟ್ಟಸ್ವಾಮಿ ಮೇಷ್ಟ್ರ ತಾಪತ್ರಯ ಶುರುವಾದದ್ದು ಹೆಬ್ಬೆರಳಿನಷ್ಟಿದ್ದ ಒಂದು ಪೆನ್‌ಡ್ರೈವ್‌ನಿಂದ. ಗುಬ್ಬಿ ಪಕ್ಕದ ಅವರ ಸರ್ಕಾರಿ ಹೈಸ್ಕೂಲಿನ ಒಂಬತ್ತನೇ ಕ್ಲಾಸಿನ ಮಕ್ಕಳು ಮೂರು ತಿಂಗಳು ಊರಿನ ನಲ್ಲಿಗಳನ್ನೆಲ್ಲ ಸುತ್ತಿ, ದಿನಕ್ಕೆಷ್ಟು ನೀರು ಸೋರಿಹೋಗುತ್ತದೆಂದು ಬಕೆಟ್ಟು, ಮೊಬೈಲು ಹಿಡಿದು ಅಳೆದು, ಅದನ್ನೆಲ್ಲ ವಿಡಿಯೋ ಮಾಡಿ ಅದರೊಳಗೆ ತುಂಬಿದ್ದರು. ಹೆಸರು ಕೇಳಿದರೂ ನೆಲ ನೋಡುತ್ತಿದ್ದ ಬಿಂದುಶ್ರೀ ಈ ವಿಡಿಯೋದಲ್ಲಿ ಪಂಚಾಯ್ತಿ ವಾಟರ್‌ಮ್ಯಾನಿಗೇ ಪಾಟೀಸವಾಲು ಹಾಕುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಮೇಷ್ಟ್ರಿಗೆ ಹದಿನೆಂಟು ವರ್ಷದ ನೌಕರಿ ಸಾರ್ಥಕ ಅನಿಸುತ್ತಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ತುಮಕೂರಿನ ಶಿಕ್ಷಣ ಇಲಾಖೆ ಸಾಹೇಬರ ಫೋನು ಬಂತು. "ನಾಲ್ಕು ಗಂಟೆಗೆ ಬರ್ತೀನ್ರೀ. ನೀರಿನ ಪ್ರಾಜೆಕ್ಟ್ ಚೆನ್ನಾಗಿದ್ರೆ ನಿಮ್ ಮಕ್ಳನ್ನೇ ರಾಜ್ಯಮಟ್ಟದ ಸ್ಪರ್ಧೆಗೆ ಕಳ್ಸೋಣ. ಆದ್ರೆ ಸ್ಮಾರ್ಟ್ ಬೋರ್ಡಲ್ಲೇ ತೋರಿಸ್ಬೇಕು. ಕೊಟ್ಟು ಎರಡು ವರ್ಷ ಆಯ್ತು, ಒಂದು ಫೋಟೋನೂ ಬಂದಿಲ್ಲ."

ಬೋರ್ಡೇನೋ ಸ್ಟೋರ್ ರೂಮಿನಲ್ಲಿ, ಡಬ್ಬದೊಳಗಿತ್ತು. ಬೋರ್ಡು ಬಂದ ದಿನವೇ ಹೆಡ್‌ಮಾಸ್ಟರ್ ರಾಮಾಂಜಿನಯ್ಯನವರು ಆ ರೂಮಿಗೆ ಬೀಗ ಜಡಿದಿದ್ದರು. "ಗೌರ್ಮೆಂಟ್ ಸ್ವತ್ತು ಕಣ್ರೀ, ಮಕ್ಳು ಮುಟ್ಟಿ ಕೆಟ್ರೆ ಯಾರು ಜವಾಬ್ದಾರಿ?" ಆಯುಧಪೂಜೆಯ ದಿನವೂ ಬಾಗಿಲಿಗೇ ಕುಂಕುಮ ಇಡಿಸಿ, ಕಡ್ಲೆಪುರಿ ಹಂಚಿ ಮುಗಿಸುತ್ತಿದ್ದರು. ಬೀಗದ ಕೈ ಸದಾ ಅವರ ಉಡದಾರದಲ್ಲಿ. ತಿಂಗಳ ಕೊನೆಗೆ ರಿಟೈರ್ ಆಗಲಿದ್ದ ಅವರು ಇವತ್ತು ರಜೆ ಹಾಕಿ ಕುಣಿಗಲ್ಲಿನ ಮನೆಯಲ್ಲಿದ್ದರು.

"ಬೀಗ ಒಡ್ದಾಕ್‌ಬುಡಾನ ಬುಡಿ ಸಾ," ಎಂದ ಅಟೆಂಡರ್ ಅಡವಿಯಪ್ಪ.

"ನನ್ ನೌಕ್ರಿಗೇ ಕಲ್ಲು ಹಾಕ್ತೀಯಲ್ಲಯ್ಯ!" ಎಂದು ಮೇಷ್ಟ್ರು ಬೈಕ್ ಹತ್ತಿದರು.

ಕುಣಿಗಲ್ಲಿನ ಮನೆಯಲ್ಲಿ ಹೆಡ್‌ಮಾಸ್ಟರ ತಾಯಿ ದೊಡ್ಡಗಂಗಮ್ಮ ಗೋಡೆಯಗಲದ ಟಿವಿಯಲ್ಲಿ ಧಾರಾವಾಹಿ ನೋಡುತ್ತಿದ್ದರು. "ಬಾಪ್ಪ, ಕೂತ್ಕ," ಎಂದವರೇ ಮಂಡಿ ಹಿಡಿದುಕೊಂಡು ಎದ್ದು, ಟಿವಿಯ ಗಾಜನ್ನು ಬೆರಳಲ್ಲಿ ತಿವಿದು ಸೌಂಡ್ ಜಾಸ್ತಿ ಮಾಡಿ ಬಂದರು. "ರಿಮೋಟು ಎಲ್ಲೋ ಕಳ್ದವ್ನೆ ನನ್ ಮಗ. ಎದ್ದೂ ಎದ್ದೂ ಮಂಡಿ ಹೋಯ್ತು ಕಣಪ್ಪ."

"ಪಾಪ," ಎಂದರು ಮೇಷ್ಟ್ರು. ಅವರ ಕಣ್ಣೆಲ್ಲ ಗಡಿಯಾರದ ಮೇಲಿತ್ತು.

ಹೆಡ್‌ಮಾಸ್ಟರು ಸ್ನಾನ, ಪೂಜೆ, ಊಟ ಎಲ್ಲ ಮುಗಿಸಿ ಎರಡು ಗಂಟೆಗೆ ಒಂದು ಹಾಳೆ ಹಿಡಿದು ಬಂದರು. "ಬೀಗದ ಕೈ ಸುಮ್ನೆ ಕೊಡಕ್ಕಾಗಲ್ಲ. ಚಾರ್ಜ್ ತಗೊಂಡೆ ಅಂತ ಸೈನ್ ಹಾಕಿ." ಹಾಳೆಯಲ್ಲಿ ಆಗಲೇ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: ಸ್ಮಾರ್ಟ್ ಬೋರ್ಡ್ ಒಂದು, ರಿಮೋಟ್ ಒಂದು, ಖುದ್ದು ಪರಿಶೀಲಿಸಿ ಸುಸ್ಥಿತಿಯಲ್ಲಿ ಪಡೆದಿರುತ್ತೇನೆ.

"ನೋಡ್ದೆ ಹೆಂಗೆ ಸಾರ್?"

"ನಮ್ ಡಿಪಾರ್ಟ್‌ಮೆಂಟಲ್ಲಿ ಯಾರ್ರೀ ನೋಡಿ ಸೈನ್ ಹಾಕಿರೋರು? ಬೇಡ ಅಂದ್ರೆ ಬುಡಿ. ಸಾಹೇಬ್ರಿಗೆ ನೀವೇ ಹೇಳ್ಕೊಳ್ಳಿ."

ಮಕ್ಕಳ ಮುಖ ನೆನಪಾಗಿ ಮೇಷ್ಟ್ರು ಸೈನ್ ಗೀಚಿ, ಬೀಗದ ಕೈ ಕಸಿದುಕೊಂಡು ಓಡಿದರು. ಹೆಬ್ಬೂರಿನ ಹತ್ತಿರ ಬೈಕ್ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯವನು ಊಟಕ್ಕೆ ಹೋಗಿದ್ದ. ಹಾಗೂ ಹೀಗೂ ಶಾಲೆ ಸೇರುವಾಗ ಗೇಟಿನಲ್ಲಿ ಸಾಹೇಬರ ಜೀಪು ನಿಂತಿತ್ತು, ಮಕ್ಕಳು ರಂಗೋಲಿ ಬಿಟ್ಟು ಕಾಯುತ್ತಿದ್ದರು. ಬಿಂದುಶ್ರೀ ಪೆನ್‌ಡ್ರೈವ್ ಮುಷ್ಟಿಯಲ್ಲಿ ಹಿಡಿದು ಹೇಳಬೇಕಾದ್ದನ್ನು ಬಾಯಲ್ಲೇ ಗುನುಗುತ್ತಿದ್ದಳು.

ಬೀಗ ತೆಗೆದರು. ಸಾಹೇಬರು ಫೋಟೋ ತೆಗೆಯಲು ಮೊಬೈಲ್ ಎತ್ತಿದರು. ಅಡವಿಯಪ್ಪ ಡಬ್ಬ ಕೊಯ್ದ. ಥರ್ಮಾಕೋಲಿನ ಕೆಳಗೆ ಉದ್ದಕ್ಕೆ ಒಂದು ಕಡಪ ಕಲ್ಲು ಮಲಗಿತ್ತು. ಅದರ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಒಂದು ರಿಮೋಟು.

ರಿಮೋಟು ನೋಡಿದ್ದೇ ಮೇಷ್ಟ್ರಿಗೆ ದೊಡ್ಡಗಂಗಮ್ಮನವರ ಮಂಡಿ ನೆನಪಾಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು!

ಸಾಹೇಬರು ಆಗಲೇ ಹೆಡ್‌ಮಾಸ್ಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದರು. "ಮಧ್ಯಾಹ್ನನೇ ಬೆಟ್ಟಸ್ವಾಮಿಯೋರಿಗೆ ಒಪ್ಪಿಸ್ಬಿಟ್ಟೆ ಸಾರ್. ಸೈನ್ ಐತೆ, ಈಗ್ಲೇ ವಾಟ್ಸಾಪ್ ಮಾಡ್ತೀನಿ." ಅವರ ಮಾತಿನ ಹಿಂದೆ ಧಾರಾವಾಹಿಯಲ್ಲಿ ಯಾರೋ ಗೊಳೋ ಎಂದು ಅಳುತ್ತಿದ್ದರು.

"ಸಾರ್, ಬೋರ್ಡು ಅವ್ರ ಮನೆ ಗೋಡೆ ಮೇಲೇ ಇದೆ! ಇವತ್ತು ನನ್ ಕಣ್ಣಾರೆ ನೋಡಿದೀನಿ!" ಮೇಷ್ಟ್ರು ಕೂಗಿಕೊಂಡರು.

ಸಾಹೇಬರು ವಾಟ್ಸಾಪಿನಲ್ಲಿ ಬಂದ ಹಾಳೆಯನ್ನು ಎರಡು ಸಲ ಓದಿ ತಲೆಯೆತ್ತಿದರು. "ಅಂದ್ರೆ, ಅಲ್ಲಿ ನೋಡಿದ್ಮೇಲೂ ಸೈನ್ ಹಾಕಿದೀರಾ?"

ಸಾಹೇಬರು ಕಡಪ ಕಲ್ಲಿನದೊಂದು, ಅದರ ಪಕ್ಕ ಮೇಷ್ಟ್ರನ್ನು ನಿಲ್ಲಿಸಿ ಇನ್ನೊಂದು ಫೋಟೋ ತೆಗೆದುಕೊಂಡರು. ಸೋಮವಾರ ತುಮಕೂರಿನ ಆಫೀಸಿಗೆ ಉತ್ತರ ಬರೆದುಕೊಂಡು ಬರಲು ಹೇಳಿ ಜೀಪಿನ ಕಡೆ ನಡೆದರು.

ಬಿಂದುಶ್ರೀ ಅಡ್ಡ ಬಂದು ಮುಷ್ಟಿ ಬಿಚ್ಚಿದಳು. "ಸಾರ್, ನಮ್ ಪ್ರಾಜೆಕ್ಟು..."

"ನಿಮ್ ಮೇಷ್ಟ್ರು ಮಾಡಿರೋ ಪ್ರಾಜೆಕ್ಟ್ ನೋಡಿದ್ನಲ್ಲಮ್ಮ, ಸಾಕು."

ಜೀಪು ಹೊರಟಿತು. ಬಿಂದುಶ್ರೀ ಮೇಷ್ಟ್ರ ಮುಖ ನೋಡಲಿಲ್ಲ. ಮೊದಲಿನ ಹಾಗೆ ನೆಲ ನೋಡುತ್ತ ನಿಂತಳು.