ಇಪ್ಪತ್ತೊಂದು ಕಲ್ಲು, ಒಂದು ಚಿಟಿಕೆ

ಬಚ್ಚಲುಮನೆಯಲ್ಲಿ ಕೂತು ಕಲ್ಲಿಗೆ ಹಲ್ಲುಜ್ಜಿಸಿದ ಗಂಡಸು ಈ ಭೂಮಿಯ ಮೇಲೆ ನಾನೊಬ್ಬನೇ ಆಗಿರಲಾರೆ. ಆದರೆ ಅದೇ ಹೊತ್ತಿಗೆ ಸರಿಯಾಗಿ ಬಾಗಿಲಾಚೆ ಬಂದು ನಿಂತು, "ಅಳಿಯಂದ್ರೇ, ನನ್ನ ಹೊಸ ಬ್ರಷ್ ಎಲ್ಲಾದ್ರೂ ಕಂಡ್ರಾ?" ಎಂದು ಕೇಳುವ ಅತ್ತೆ ಇರುವವನು ಮಾತ್ರ ನಾನೊಬ್ಬನೇ ಎಂದು ಬರೆದು ಕೊಡಬಲ್ಲೆ.

"ಇಲ್ಲ ಅತ್ತೆ," ಎಂದೆ, ಬ್ರಷ್ಷನ್ನು ಕಲ್ಲಿನ ತೂತಿನೊಳಗೆ ಇನ್ನಷ್ಟು ಆಳಕ್ಕೆ ತುರುಕುತ್ತ. (ಸುಳ್ಳೇನಲ್ಲ. ಅದು ಹೊಸದಾಗಿ ಉಳಿದಿರಲಿಲ್ಲ.)

ನಮ್ಮ ನಡುಮನೆಯ ಕಿಟಕಿ ಪಕ್ಕದಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಿದೆ. ಉಪ್ಪುನೀರು, ತೂತು ತೂತಿನ ಕಲ್ಲುಗಳು, ಹವಳ, ಮೀನು, ಎಲ್ಲ ಸೇರಿ ಒಂದು ತುಂಡು ಸಮುದ್ರ. ಏಳು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಕಲ್ಲುಗಳ ಮೇಲೆ ಪುಟ್ಟ ಗಾಜಿನ ಹೂವಿನಂಥ ಒಂದು ಜೀವಿ ಬಂದು ಬಿಡಾರ ಹೂಡಿತು. ನೋಡಲು ಬಲು ಚೆಂದ, ಗುಣ ಮಾತ್ರ ಬೇಡ. ಒಂದನ್ನು ಚಿವುಟಿದರೆ ಹತ್ತಾಗುತ್ತದೆ. ನಾನು ಶ್ರದ್ಧೆಯಿಂದ ಚಿವುಟಿದೆ. ಎರಡೇ ತಿಂಗಳಲ್ಲಿ ಅವು ಹವಳವನ್ನೆಲ್ಲ ಕುಟುಕಿ ಮುಗಿಸಿದವು. ಮೀನುಗಳನ್ನು ಸಾಕುಮೀನಿನ ಅಂಗಡಿಯವನಿಗೆ ಕೊಟ್ಟದ್ದಾಯಿತು, ಒಂದನ್ನು ಬಿಟ್ಟು.

ಆ ಒಂದು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನು. ಹೆಂಡತಿ ಅದನ್ನು ಕರೆಯುವುದು 'ಯಜಮಾನ್ರು' ಎಂದು. ನನ್ನನ್ನು ಕರೆಯುವುದು 'ರೀ' ಎಂದು. ಅಡುಗೆಮನೆಯಿಂದ "ಯಜಮಾನ್ರ ಊಟ ಆಯ್ತಾ?" ಎಂಬ ಅಕ್ಕರೆಯ ದನಿ ಕೇಳಿ, "ಇನ್ನೂ ಇಲ್ಲ ಕಣೇ" ಎಂದು ನಾನು ಹಿಗ್ಗಿದ್ದು ಎಷ್ಟು ಸಲವೋ. "ನಿಮ್ಮನ್ನಲ್ಲ" ಎಂಬ ಉತ್ತರವೂ ಅಷ್ಟೇ ಸಲ ಬಂದಿದೆ.

ಆದರೂ ನನಗೆ ಹೊಟ್ಟೆಕಿಚ್ಚಿಲ್ಲ. ಆಫೀಸಿನಲ್ಲಿ ಉಗಿಸಿಕೊಂಡು ಬಂದ ಸಂಜೆ ಗಾಜಿನ ಹತ್ತಿರ ಬಂದು, ರೆಕ್ಕೆ ಅಲ್ಲಾಡಿಸುತ್ತ ನನ್ನ ಮುಖ ನೋಡಿ ನಿಲ್ಲುವ ಜೀವ ಈ ಮನೆಯಲ್ಲಿ ಅದೊಂದೇ. ಅದನ್ನು ಕಂಡರೆ ನನಗೆ ಪ್ರಾಣ. ಈಗ ಅದು ಊಟದ ಮೇಜಿನ ಮೂಲೆಯಲ್ಲಿ, ಸಣ್ಣ ಗಾಜಿನ ಪೆಟ್ಟಿಗೆಯೊಳಗೆ, ಒಂದು ಪೈಪಿನ ತುಂಡಿನಲ್ಲಿ ಮುಖ ಮರೆಸಿಕೊಂಡು ಕೂತಿತ್ತು. ಕೊಟ್ಟದ್ದನ್ನು ಸರಿಯಾಗಿ ತಿನ್ನುತ್ತಿರಲಿಲ್ಲ.

"ನೋಡಿ ರೀ, ಆರು ಭಾನುವಾರ ಕೊಡ್ತೀನಿ," ಎಂದಳು ಹೆಂಡತಿ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಗಡುವು ಎಂದರೆ ಗಡುವು. "ಅಷ್ಟರಲ್ಲಿ ಕಲ್ಲು ಸರಿಹೋದ್ರೆ ಸರಿ. ಇಲ್ಲಾಂದ್ರೆ ಯಜಮಾನ್ರು ಅಂಗಡಿಗೆ, ತೊಟ್ಟಿ ಗುಜರಿಗೆ, ಆ ಕಿಟಕಿ ಹತ್ರ ನನ್ನ ಹೊಲಿಗೆ ಮಷೀನು. ಪಾಪ, ಅದು ಪೈಪಿನಲ್ಲಿ ಎಷ್ಟು ದಿನ ಅಂತ ಇರುತ್ತೆ?"

ಹೀಗೆ ಶುರುವಾಯಿತು ನನ್ನ ಕಲ್ಲಿನ ತಪಸ್ಸು. ಮೊದಲು ಉಜ್ಜುವುದು. ಆಮೇಲೆ ಆ ಗಾಜಿನ ಹೂವಿನ ಬೇರೂ ಉಳಿಯದಂತೆ ಬ್ಲೀಚಿಂಗ್ ನೀರಿನಲ್ಲಿ ನೆನೆಹಾಕುವುದು. ಮತ್ತೆ ಮತ್ತೆ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ತಾರಸಿಯ ಬಿಸಿಲಿನಲ್ಲಿ ಒಣಗಿಸುವುದು. ಇಷ್ಟಾದರೆ ಕಲ್ಲು ಶುದ್ಧ, ಆದರೆ ಸತ್ತಿರುತ್ತದೆ. ನೀರನ್ನು ಚೊಕ್ಕವಾಗಿಡುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋಗಿರುತ್ತವಲ್ಲ! ಆದ್ದರಿಂದ ಮುಚ್ಚಿದ ಟಬ್ಬಿನ ಬೆಚ್ಚಗಿನ ಉಪ್ಪುನೀರಿನಲ್ಲಿಟ್ಟು, ಬಾಟಲಿಯ ಬ್ಯಾಕ್ಟೀರಿಯಾ ಸುರಿದು, ಅವಕ್ಕೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಮತ್ತೆ ಜೀವ ತುಂಬಬೇಕು. ಸೃಷ್ಟಿ, ಸ್ಥಿತಿ, ಲಯ ಮೂರೂ ಖಾತೆ ನನ್ನೊಬ್ಬನ ಕೈಯಲ್ಲಿ, ಅದೂ ಬಚ್ಚಲುಮನೆಯಲ್ಲಿ.

ಟಬ್ಬಿಗೆ ಹೀಟರ್ ಇಳಿಸಿ, ಬೆಳಕು ಬೀಳದಿರಲೆಂದು ಮೇಲೆ ಕಂಬಳಿ ಹೊದಿಸಿದೆ. ಅತ್ತೆ ಇಣುಕಿ ನೋಡಿದರು. ಮೂವತ್ತು ವರ್ಷ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು, ಇಣುಕಿದರೂ ತಪಾಸಣೆಯಂತಿರುತ್ತದೆ.

"ಕಲ್ಲಿಗೆ ಚಳೀನಾ?"

"ಒಳಗೆ ಕೋಟ್ಯಂತರ ಜೀವಗಳಿವೆ ಅತ್ತೆ. ಅವಕ್ಕೆ ಊಟ ಹಾಕೋ ಅಧಿಕಾರ ನನಗೊಬ್ಬನಿಗೇ. ಬೇರೆ ಯಾರೂ ಆಹಾರದ ಡಬ್ಬಿ ಮುಟ್ಟಕೂಡದು. ಇದು ವಿಜ್ಞಾನ."

"ನಾನು ಬೇಕಾದ್ರೆ ನೀರು ಟೆಸ್ಟ್ ಮಾಡಿ ಕೊಡ್ತೀನಿ ರೀ," ಎಂದಳು ಹೆಂಡತಿ.

"ಇದು ನಿನ್ನ ಬ್ಲಡ್ ಶುಗರ್ ಅಲ್ಲ ಕಣೇ," ಎಂದು ನಾನು ನಕ್ಕೆ. (ಈ ನಗುವನ್ನು ಓದುಗರು ನೆನಪಿಟ್ಟುಕೊಳ್ಳಬೇಕಾಗಿ ವಿನಂತಿ.)

ಪರೀಕ್ಷೆ ಸರಳ. ಗಾಜಿನ ಕೊಳವೆಯಲ್ಲಿ ಟಬ್ಬಿನ ನೀರು ಹಿಡಿದು, ಔಷಧಿ ತೊಟ್ಟಿಕ್ಕಿಸಬೇಕು. ಹಳದಿಯಾದರೆ ನೀರು ಶುದ್ಧ. ಹಸಿರಾದರೆ ಅಮೋನಿಯಾ, ಅಂದರೆ ಮೀನಿಗೆ ವಿಷ. ಮೊದಲು ಹಸಿರಾಗಿ, ಬ್ಯಾಕ್ಟೀರಿಯಾ ಬೆಳೆದ ಹಾಗೆ ಹಳದಿಗೆ ಇಳಿಯಬೇಕು ಎಂದು ಅಂಗಡಿಯವನು ಹೇಳಿದ್ದ. ಮೊದಲ ವಾರ ಹಸಿರಾಯಿತು. ಎರಡನೇ ವಾರ ಕಡುಹಸಿರಾಯಿತು. ಮೂರನೇ ವಾರ ಆ ಬಣ್ಣಕ್ಕೆ ಸಮನಾದದ್ದು ಔಷಧಿ ಡಬ್ಬಿಯ ಮೇಲಿನ ಬಣ್ಣದ ಪಟ್ಟಿಯಲ್ಲೇ ಇರಲಿಲ್ಲ.

ಬ್ಯಾಕ್ಟೀರಿಯಾಗಳು ಸೊರಗಿರಬೇಕು ಎಂದು ಮರುಗಿ, ಸಂಜೆಗೂ ಒಂದು ಚಿಟಿಕೆ ಶುರು ಮಾಡಿದೆ. ಬಚ್ಚಲುಮನೆಯಿಂದ ಬರುವ ವಾಸನೆಗೆ ಅತ್ತೆ ಮೂಗಿಗೆ ಸೆರಗು ಹಿಡಿದು ಓಡಾಡತೊಡಗಿದರು.

ಆಗಲೇ ನಾನು ಕಲ್ಲುಗಳನ್ನು ಎಣಿಸಿದ್ದು. ತಾರಸಿಯಲ್ಲಿ ಇಪ್ಪತ್ತೊಂದಿದ್ದವು. ಟಬ್ಬಿನಲ್ಲಿ ಹದಿನೆಂಟು! ಮೀನಿನ ಆಹಾರದ ಡಬ್ಬಿ ಎತ್ತಿ ನೋಡಿದರೆ ಮುಕ್ಕಾಲು ಖಾಲಿ! ನನಗೆ ಎಲ್ಲವೂ ಹೊಳೆದುಹೋಯಿತು. ಊಟದ ಮೇಜಿನ ಸುತ್ತ ವಿಚಾರಣಾ ಆಯೋಗ ಕೂರಿಸಿದೆ.

"ಯಾರೋ ಕದ್ದು ಊಟ ಹಾಕ್ತಿದ್ದಾರೆ. ಅದಕ್ಕೇ ನೀರು ಕೆಟ್ಟಿರೋದು," ಎಂದೆ. "ಮೂರು ಕಲ್ಲೂ ಕಾಣೆ. ಅತ್ತೆ, ತಪ್ಪು ತಿಳ್ಕೋಬೇಡಿ... ಹಿಮ್ಮಡಿ ಉಜ್ಜೋಕೆ ಏನಾದ್ರೂ ತಗೊಂಡ್ರಾ?"

ಅತ್ತೆ ನನ್ನನ್ನು, ಹೋಂವರ್ಕ್ ಮಾಡದೆ ಬಂದವನನ್ನು ನೋಡುವ ಹಾಗೆ ನೋಡಿದರು. "ಅಳಿಯಂದ್ರೇ, ನನ್ನ ಹಿಮ್ಮಡಿ ನಿಮ್ಮ ಕಲ್ಲಿಗಿಂತ ಚೊಕ್ಕವಾಗಿದೆ. ನನ್ನ ಬ್ರಷ್ ಎಲ್ಲಿ ಅಂತ ಮೊದಲು ಹೇಳಿ."

ಆಯೋಗ ಅಲ್ಲಿಗೆ ಬರಖಾಸ್ತಾಯಿತು. ಅಂದಿನಿಂದ ಡಬ್ಬಿ ನನ್ನ ಆಫೀಸ್ ಬ್ಯಾಗಿನಲ್ಲೇ ಇರತೊಡಗಿತು. ಆದರೂ ಹಸಿರು ಇಳಿಯಲಿಲ್ಲ. ಇದರ ಮೇಲೆ ಅತ್ತೆಯ ಕೋಣೆಯಿಂದ ಯಾವಾಗ ನೋಡಿದರೂ ಗುಳುಗುಳು ಸದ್ದು. ಬೆಳಿಗ್ಗೆಯಿಂದ ಸಂಜೆವರೆಗೆ ಅದೆಷ್ಟು ಬಾಯಿ ಮುಕ್ಕಳಿಸುತ್ತಾರಪ್ಪ ಈ ಹೆಂಗಸು ಎಂದುಕೊಂಡೆ. ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ ಮತ್ತೆ ಬ್ರಷ್ಷಿನ ಮಾತು ಬರುತ್ತಿತ್ತು.

ಆರನೇ ಭಾನುವಾರ ಬಂತು. ಬೆಳಗಿನ ತಿಂಡಿಯನ್ನೂ ಮುಟ್ಟದೆ ಕೊಳವೆ ಹಿಡಿದೆ. ಹಸಿರು. ಟಬ್ಬಿನ ಅಂಚಿನ ಮೇಲೆ ಕೂತೇ ಬಿಟ್ಟೆ. ನನಗೆ ನಿಜಕ್ಕೂ ಅಳು ಬಂತು, ಅದನ್ನು ಯಾಕೆ ಮುಚ್ಚಿಡಲಿ? ಏಳು ವರ್ಷ ನನ್ನ ಮುಖ ನೋಡಿದ ಜೀವವನ್ನು ಡಬ್ಬಿಯಲ್ಲಿ ತುಂಬಿ ಅಂಗಡಿಗೆ ಒಯ್ಯಬೇಕು. ಕೊನೆಗೊಂದು ಮಾತು ಆಡೋಣವೆಂದು ಊಟದ ಮೇಜಿನ ಹತ್ತಿರ ಹೋದೆ.

ಮೇಜು ಖಾಲಿ. ಪೆಟ್ಟಿಗೆಯೂ ಇಲ್ಲ, ಮೀನೂ ಇಲ್ಲ.

"ಕೊಟ್ಟೇ ಬಿಟ್ಟೆಯೇನೇ? ನನಗೆ ಒಂದು ಮಾತೂ ಹೇಳದೆ?" ಎಂದು ಕೂಗಿದೆ.

"ಕೂಗಾಡಬೇಡಿ, ಬನ್ನಿ ಇಲ್ಲಿ," ಎಂಬ ಹೆಂಡತಿಯ ದನಿ ಅತ್ತೆಯ ಕೋಣೆಯಿಂದ ಬಂತು. ಅದರ ಜೊತೆಗೇ ಗುಳುಗುಳು.

ಅತ್ತೆಯ ಮಂಚದ ಪಕ್ಕ, ಹೊಲಿಗೆ ಮಷೀನಿನ ಮೇಲೆ, ಆ ಗಾಜಿನ ಪೆಟ್ಟಿಗೆ. ಅದರ ಮೂಲೆಯಲ್ಲಿ ಗಾಳಿಗುಳ್ಳೆ ಬಿಡುವ ಪುಟ್ಟ ಪಂಪು. ಪೈಪಿನ ತುಂಡು ಮಾಯವಾಗಿ ಅಲ್ಲಿ ನನ್ನ ಮೂರು ಕಲ್ಲುಗಳು ಕೂತಿದ್ದವು. ಅವುಗಳ ನಡುವಿನಿಂದ ಯಜಮಾನ್ರು ಹೊರಬಂದು, ಗಾಜಿಗೆ ಮೂತಿ ಒತ್ತಿ, ರೆಕ್ಕೆ ಅಲ್ಲಾಡಿಸಿದರು.

"ನೀವು ಕಲ್ಲು ಟಬ್ಬಿಗೆ ಇಳಿಸೋ ದಿನವೇ ಮೂರು ಎತ್ತಿಟ್ಟೆ," ಎಂದಳು ಹೆಂಡತಿ. "ನಿಮ್ಮ ಬಾಟಲಿಯಿಂದ ಎರಡು ಮುಚ್ಚಳ, ನಿಮ್ಮ ಡಬ್ಬಿಯಿಂದ ಒಂದು ಸಣ್ಣ ಪೊಟ್ಟಣ. ಇಷ್ಟು ದಿನ ಈ ಪಂಪು ಹಾಕಿ ಅಮ್ಮನ ಕೋಣೆಯ ಬಕೆಟ್ಟಿನಲ್ಲಿಟ್ಟಿದ್ದೆ. ಹತ್ತು ದಿನದಿಂದ ಹಳದಿ. ಅದಕ್ಕೇ ಇವತ್ತು ಬೆಳಿಗ್ಗೆ ಪೆಟ್ಟಿಗೆಗೆ ಹಾಕಿದೆ. ಇವನ್ನ ನಿಮ್ಮ ಕಲ್ಲುಗಳ ಜೊತೆ ಸೇರಿಸಿದ್ರೆ ಅವಕ್ಕೂ ಬೇಗ ಜೀವ ಬರುತ್ತೆ. ನೀರು ಮಾತ್ರ ಬದಲಾಯಿಸಬೇಕು."

"ಮತ್ತೆ ನನ್ನದು ಯಾಕೆ ಹಸಿರು?"

ಅವಳು ಲ್ಯಾಬಿನ ಸಣ್ಣ ತಕ್ಕಡಿಯನ್ನು ಮುಂದಿಟ್ಟಳು. "ಹಾಕಿ, ನಿಮ್ಮ ಒಂದು ಚಿಟಿಕೆ."

ಹಾಕಿದೆ. ಆಮೇಲೆ ಅವಳು ತನ್ನದನ್ನು ಹಾಕಿದಳು. ಅವಳ ಹನ್ನೊಂದು ಚಿಟಿಕೆ ಸೇರಿದಾಗ ನನ್ನ ಒಂದಕ್ಕೆ ಸಮವಾಯಿತು.

"ಇದು ಚಿಟಿಕೆ ಅಲ್ಲ ಅಳಿಯಂದ್ರೇ," ಎಂದರು ಅತ್ತೆ. "ಹಿಡಿ. ಅದೂ ದಿನಕ್ಕೆ ಎರಡು ಹಿಡಿ!"

ನಾನು ಪೆಟ್ಟಿಗೆಯತ್ತ ತಿರುಗಿಕೊಂಡೆ. ಆಗ ಎದುರಿಗಿದ್ದವರಲ್ಲಿ ನನ್ನನ್ನು ನೋಡಿ ನಗದೇ ಇದ್ದದ್ದು ಅದೊಂದೇ ಮುಖ.

"ಹೊಲಿಗೆ ಮಷೀನಿಗೆ ಜಾಗ ಬೇಕು ಅಂತಿದ್ದೆಯಲ್ಲ?" ಎಂದೆ, ಬೇರೇನೂ ತೋಚದೆ.

"ಮಷೀನು ಕಾಯುತ್ತೆ ರೀ. ಅದೇನು ಊಟ ಬಿಟ್ಟು ಕೂರಲ್ಲ." ಅವಳು ಮೀನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತೋ ಏನೋ.

ಇದಾಗಿ ಒಂದು ತಿಂಗಳಾಯಿತು. ನಡುಮನೆಯ ತೊಟ್ಟಿಯಲ್ಲಿ ನೀರು ತಿಳಿಯಾಗಿದೆ, ಇಪ್ಪತ್ತೊಂದು ಕಲ್ಲೂ ಸೇರಿವೆ, ಹೋದ ವಾರ ಒಂದು ಪುಟ್ಟ ಹವಳವೂ ಬಂದಿದೆ. ಖಾತೆಗಳ ಮರುಹಂಚಿಕೆಯಾಗಿದೆ: ನೀರಿನ ಪರೀಕ್ಷೆ ಹೆಂಡತಿಗೆ, ಊಟದ ಡಬ್ಬಿ ಅತ್ತೆಗೆ, ಉಜ್ಜುವುದು ನನಗೆ. (ಅತ್ತೆಗೆ ಹೊಸ ಬ್ರಷ್ ತಂದುಕೊಟ್ಟಿದ್ದೇನೆ. ರಾತ್ರಿ ಅದನ್ನು ದಿಂಬಿನ ಕೆಳಗಿಟ್ಟು ಮಲಗುತ್ತಾರೆ.)

ಆದರೆ ಭಾನುವಾರ ಬೆಳಿಗ್ಗೆ ಮಾತ್ರ, ನನ್ನ ಒಳ್ಳೆಯ ನಡತೆಯನ್ನು ಗಮನಿಸಿ, ಅತ್ತೆ ಡಬ್ಬಿ ತೆರೆದು ನನ್ನ ಮುಂದೆ ಹಿಡಿಯುತ್ತಾರೆ. ನಾನು ಎರಡೇ ಬೆರಳು ಇಳಿಸುತ್ತೇನೆ. ಹೆಂಡತಿ ಒಂದು ಕಡೆಯಿಂದ, ಅತ್ತೆ ಇನ್ನೊಂದು ಕಡೆಯಿಂದ ಬಗ್ಗಿ ನೋಡುತ್ತಾರೆ. ಗಾಜಿನ ಆಚೆ ಯಜಮಾನ್ರು ಬಾಯಿ ತೆರೆದು ಕಾಯುತ್ತಿರುತ್ತಾರೆ.

"ಸಾಕು," ಎನ್ನುತ್ತಾರೆ ಅತ್ತೆ, ನಾನಿನ್ನೂ ಬೆರಳು ಮುಚ್ಚುವ ಮೊದಲೇ.