ಎರಡು ಸಹಿಗೆ ಬಂದ ಬರ

ಇದು ನಡೆದದ್ದೇ ಹೀಗೆ. ಸುಳ್ಳಾಗಿದ್ದರೆ ಇನ್ನೂ ಚೆನ್ನಾಗಿ ಕಟ್ಟಬಹುದಿತ್ತು. ಫೋಟೊಗಳಿಗೆ ಕಟ್ಟು ಹಾಕುವ ಫ್ರೇಮಣ್ಣ ಬೆಳಗ್ಗೆ ಏಣಿಯಿಂದ ಜಾರಿ ರಟ್ಟಿನ ರಾಶಿಯ ಮೇಲೆ ಬಿದ್ದ. ಮೈಗೇನೂ ಆಗಲಿಲ್ಲ, ತಲೆಗೆ ಮಾತ್ರ ಯೋಚನೆ ಹೊಕ್ಕಿತು. ಗೋಡೆಯ ಫೋಟೊಗಳಲ್ಲಿದ್ದ, ಗಿರಾಕಿಗಳ ತೀರಿಹೋದ ಹಿರಿಯರೆಲ್ಲ ‘ಬಾ, ಇಲ್ಲೊಂದು ಮೊಳೆ ಖಾಲಿಯಿದೆ’ ಎಂಬಂತೆ ನೋಡುತ್ತಿದ್ದರು. ತಾನು ಕಣ್ಮುಚ್ಚಿದರೆ ತನ್ನ ಅಣ್ಣ ಅಂಗಡಿ ನನ್ನದೆಂದು ಅಂದೇ ಬೀಗ ಜಡಿಯುತ್ತಾನೆ, ಹೆಂಡತಿಯ ಗತಿ?

ವಕೀಲರ ಬಳಿ ಓಡಿ, ಅಂಗಡಿ ಹೆಂಡತಿಗೇ ಸೇರಲೆಂದು ಉಯಿಲು ಬರೆಸಿದ.

“ಇಬ್ಬರ ಸಾಕ್ಷಿ ಬೇಕು,” ಎಂದರು ವಕೀಲರು. “ಉಯಿಲಲ್ಲಿ ಪಾಲು ಇರೋರೇ ಸಾಕ್ಷಿ ಸಹಿ ಹಾಕಿದ್ರೆ ಅವರ ಪಾಲು ಹೋಯ್ತು ಅಂತಲೇ ತಿಳ್ಕೊಳ್ಳಿ.”

ಪಕ್ಕದ ದರ್ಜಿಗೆ ಫ್ರೇಮಣ್ಣ ಇದನ್ನೇ ಒಪ್ಪಿಸಿ ಪೆನ್ನು ಚಾಚಿದ. ದರ್ಜಿ ಹೊಲಿಗೆ ನಿಲ್ಲಿಸಿದ.

“ಅಂದ್ರೆ ನನಗೇನೂ ಬರೆದಿಲ್ಲ ಅನ್ನು. ನಿನ್ನ ಹೊಟ್ಟೆ ಬೆಳೆದಾಗಲೆಲ್ಲ ಪ್ಯಾಂಟು ಬಿಚ್ಚಿ ದೊಡ್ಡದು ಮಾಡಿದ್ದು ನಾನೇ ತಾನೆ?”

ಫ್ರೇಮಣ್ಣ ಚಾಚಿದ ಪೆನ್ನನ್ನು ಹಿಂದಕ್ಕೆಳೆದುಕೊಂಡ. “ಥೂ, ಮರೆತೇಬಿಟ್ಟಿದ್ದೆ. ನಿನ್ನ ಹೆಸರಿದೆ ಕಣಯ್ಯ. ಸಹಿ ಹಾಕಬೇಡ.”

ಅವನು ರಸ್ತೆ ದಾಟುವಷ್ಟರಲ್ಲಿ ಸುದ್ದಿ ದಾಟಿತ್ತು. “ದರ್ಜಿಗುಂಟು, ನನಗಿಲ್ವಾ?” ಎಂದು ಔಷಧಿ ಅಂಗಡಿಯವರು ಮುಖ ಊದಿಸಿದರು. ಅವರಿಗೂ ಉಂಟೆಂದ. ಮುಂದಿನ ಅಂಗಡಿಗೂ ಉಂಟು, ಅದರಾಚೆಯದಕ್ಕೂ ಉಂಟು. ಸಂಜೆಗೆ ಬೀದಿಯಲ್ಲಿ ವಾರಸುದಾರರು ತುಂಬಿದರು, ಸಾಕ್ಷಿ ಒಬ್ಬರೂ ಇಲ್ಲ. ಔಷಧಿಯವರು ಕರೆದು ಕೂರಿಸಿ ಪುಕ್ಕಟೆಯಾಗಿ ಬಿ.ಪಿ. ನೋಡಿದರು. ಜಾಸ್ತಿಯಿತ್ತು. ಅವರ ಮುಖದಲ್ಲಿ ಮೂಡಿದ್ದು ಮರುಕವೋ ಲೆಕ್ಕಾಚಾರವೋ ತಿಳಿಯಲಿಲ್ಲ.

ಉಳಿದವನು ಎದುರಿನ ಗಾಜಿನಂಗಡಿಯವ, ಹಳೇ ಹಗೆ.

“ನಿನ್ನಿಂದ ನನಗೇನೂ ಬರೋದಿಲ್ಲ ಅನ್ನೋದಕ್ಕೆ ಸಹಿ ತಾನೆ? ತಾ ಇಲ್ಲಿ, ಹತ್ತು ಹಾಕ್ತೀನಿ.”

ಒಂದಾಯಿತು. ಉಯಿಲನ್ನು ಮನೆಯ ಮೇಜಿನ ಮೇಲಿಟ್ಟು ಫ್ರೇಮಣ್ಣ ಮುಖ ತೊಳೆಯಲು ಹೋದ. ಬರುವಷ್ಟರಲ್ಲಿ ಹೆಂಡತಿ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು.

“ಒಂದು ಸಹಿ ಕಡಿಮೆ ಇತ್ತಲ್ಲ, ನಾನೇ ಹಾಕಿದೆ.”

“ಓದಿದ್ಯಾ?”

“ಓದೋದೇನಿದೆ? ಬೀದಿಗೆಲ್ಲ ಹಂಚಿದ್ದೀರಂತೆ, ದರ್ಜಿ ಬಂದು ಹೇಳಿ ಹೋದ. ಏನೂ ಇಲ್ಲದವರೇ ಸಹಿ ಹಾಕಬೇಕಂತೆ. ನನಗಿಂತ ಇಲ್ಲದವರು ಯಾರಿದ್ದಾರೆ?”

ಫ್ರೇಮಣ್ಣ ಉಯಿಲನ್ನು ಓದಿ ಹೇಳಿದ: ಬೀದಿಯವರ ಹೆಸರು ಒಂದೂ ಇರಲಿಲ್ಲ, ಅಂಗಡಿ ಅವಳಿಗೇ ಬರೆದಿತ್ತು, ಸಹಿ ಹಾಕಿ ಅದನ್ನೂ ಕಳೆದುಕೊಂಡಿದ್ದಳು. ಅವಳು ಸೆರಗು ಬಾಯಿಗೊತ್ತಿದಳು. “ನಾಳೆ ಬೇರೆ ಬರೆಸಿದ್ರಾಯ್ತು ಬಿಡಿ. ಗಾಜಿನಂಗಡಿಯವರಂತೂ ಹಾಕ್ತಾರಲ್ಲ.”

ಬಾಗಿಲಲ್ಲಿ ಗಾಜಿನಂಗಡಿಯವನೇ ತಲೆ ಕೆರೆಯುತ್ತ ನಿಂತಿದ್ದ.

“ಹಗೆ ಸಾಕು ಅನ್ನಿಸ್ತು ಕಣೋ. ಇಡೀ ಬೀದಿಗಿದೆ, ನನಗೊಬ್ಬನಿಗೇ ಇಲ್ಲ. ಇನ್ನೊಂದು ಬರೆಸೋದಾದ್ರೆ ನನ್ನ ಹೆಸರೂ ಸೇರಿಸು. ಒಂದು ಸುತ್ತಿಗೆ ಆದ್ರೂ ಸಾಕು.”

ಮೊದಲು ನಕ್ಕವಳು ಹೆಂಡತಿ. ಗಾಜಿನಂಗಡಿಯವ ಏಕೆಂದು ತಿಳಿಯದೆಯೇ ನಕ್ಕ. ಫ್ರೇಮಣ್ಣ ಇಬ್ಬರನ್ನೂ ಮೀರಿಸಿ, ಗೋಡೆ ಅದುರುವ ಹಾಗೆ ನಕ್ಕು ನಕ್ಕು ಕೆಮ್ಮತೊಡಗಿದ.

ಆ ಕೆಮ್ಮು ಕೇಳಿದ್ದೇ ತಡ, ಬೀದಿಯುದ್ದಕ್ಕೂ ಒಂದೊಂದೇ ಕಿಟಕಿ ತೆರೆಯಿತು.